ರಂಗೋಲಿ ಪುಡಿಯ ನಕ್ಷೆ

ಇವತ್ತು ಹಿರಿಯೂರು ಕಡೆ ಒಂದು ಹಳ್ಳಿಯಲ್ಲಿ ಊರಿನವರ ಕೈಲೇ ಊರಿನ ನಕ್ಷೆ ಬರೆಸುತ್ತಿದ್ದೆ. ಪೇಪರ್ ಇಲ್ಲ, ಪೆನ್ ಇಲ್ಲ. ಗುಡಿ ಮುಂದಿನ ನೆಲ, ರಂಗೋಲಿ ಪುಡಿ, ಅಷ್ಟೇ.

ಒಬ್ಬ ಅಜ್ಜಿ ಸೇದೋ ಬಾವಿಯನ್ನು ಶಾಲೆಗಿಂತ ದೊಡ್ಡದಾಗಿ ಬರೆದರು.

"ಅಜ್ಜಿ, ಅದು ಬತ್ತಿದೆ ಅಲ್ವಾ?"

"ಬತ್ತಿದ್ರೇನಪ್ಪಾ? ನಮ್ಮವ್ವನ ಕಾಲಕ್ಕೆ ಕೋಡಿ ಬಿದ್ದಿದ್ದ ಮಾರಿಕಣಿವೆ ಮತ್ತೆ ಬೀಳ್ಲಿಲ್ವಾ?"

ನಿಜ. ಮಾರಿಕಣಿವೆ ಅಂದ್ರೆ ಇಲ್ಲಿನ ವಾಣಿವಿಲಾಸ ಸಾಗರ ಅಣೆಕಟ್ಟು. 1933 ಆದಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ.

ನನ್ನ ಸಮೀಕ್ಷೆ ಹಾಳೆಯಲ್ಲಿ 'ನೀರಿನ ಮೂಲ' ಅಂತ ಒಂದು ಕಾಲಂ. ನಲ್ಲಿ, ಬೋರ್‌ವೆಲ್, ಟ್ಯಾಂಕರ್, ಇತರೆ. ಅಜ್ಜಿಯ ಬಾವಿಯನ್ನು 'ಇತರೆ'ಗೆ ತಳ್ಳೋಕೆ ಮನಸ್ಸಾಗಲಿಲ್ಲ. ಇಷ್ಟು ವರ್ಷದಲ್ಲಿ ಅಲ್ಲಿ ಇನ್ನೂ ಏನೇನು ತುಂಬಿದ್ದೀನೋ!

ಫೋಟೋ ತೆಗೆಯುವಷ್ಟರಲ್ಲಿ ಒಂದು ಕೋಳಿ ಬಂದು ಅರ್ಧ ಊರು ಕೆದರಿ ಹೋಯಿತು. ಅಜ್ಜಿ ಬಾವಿ ಒಂದನ್ನೇ ಮತ್ತೆ ತಿದ್ದಿದರು.