ಸಿವಿ ಆಟಕ್ಕೆ ಯಾರನ್ನು ಕೂರಿಸಬೇಕು

ಧಾರವಾಡದ ಮನೆಗಳಲ್ಲಿ ಕೂತು ಆಡುವ ಆಟ ಅಂದರೆ ಕೇರಂ, ಇಲ್ಲಾ ಚೌಕಾಬಾರ. ಬೇರೆ ಏನನ್ನಾದರೂ ತಂದಿಟ್ಟರೆ ಹಿರಿಯರು "ಇವೆಲ್ಲಾ ಹುಡುಗರಾಟ" ಅಂತ ಪೇಪರ್ ಬಿಡಿಸಿಕೊಂಡು ಕೂತುಬಿಡ್ತಾರೆ. ಆದರೆ ಪುಣೆಯಲ್ಲಿರುವ ತಮ್ಮ ತಂದ ‘ಸಿವಿ’ (ನೌಕರಿಗೆ ಅರ್ಜಿ ಹಾಕುವಾಗ ಕೊಡ್ತೀವಲ್ಲ, ಆ ಬಯೋಡೇಟಾ) ಅನ್ನುವ ಆಟದ ಡಬ್ಬಿ ತೆಗೆದ ದಿನ ಪೇಪರ್ ಬದಿಗೆ ಹೋಯಿತು. ಕಾರಣ ಸರಳ. ಇದರಲ್ಲಿ ರಾಜ, ಕೋಟೆ, ಯುದ್ಧ ಏನೂ ಇಲ್ಲ, ಇರುವುದು ಒಬ್ಬ ಮನುಷ್ಯನ ಬದುಕು, ಅದರ ಮೇಲೆ ಟೀಕೆ ಮಾಡೋಕೆ ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಪೋಲೆಂಡಿನ ಗ್ರಾನ್ನಾ ಕಂಪನಿ 2013ರಲ್ಲಿ ಹೊರತಂದ ಆಟ ಇದು. ರೂಪಿಸಿದವರು ಫಿಲಿಪ್ ಮಿವುನ್ಸ್ಕಿ, ಚಿತ್ರ ಬರೆದವರು ಪಿಯೋತ್ರ್ ಸೋಹಾ. ಅರ್ಧ ನಗು ಬರುವುದೇ ಆ ಚಿತ್ರಗಳಿಂದ. ಇಬ್ಬರಿಂದ ನಾಲ್ವರು ಆಡಬಹುದು. ಮೊದಲು ಎಲ್ಲರಿಗೂ ಬಾಲ್ಯದ ಮೂರು ಕಾರ್ಡ್ ಸಿಗ್ತವೆ. ಆಮೇಲೆ ಯೌವನ, ನಡುವಯಸ್ಸು, ಮುಪ್ಪು ಅಂತ ಕಾರ್ಡುಗಳು ಸಾಲಾಗಿ ಬರ್ತಾ ಹೋಗುತ್ತವೆ. ದಾಳದ ಮೇಲೆ ಚುಕ್ಕಿ ಇಲ್ಲ, ಆರೋಗ್ಯ, ತಿಳಿವಳಿಕೆ, ಸಂಬಂಧ, ದುಡ್ಡು ಇವುಗಳ ಗುರುತಿವೆ, ಜೊತೆಗೊಂದು ನಗುಮುಖ, ಒಂದು ಅಳುಮುಖ. ನಾಲ್ಕು ದಾಳದಿಂದ ಶುರು. ಬಿದ್ದದ್ದು ಬೇಡ ಅನಿಸಿದರೆ ಇನ್ನೆರಡು ಸಲ ಎಸೆಯಬಹುದು, ಆದರೆ ಅಳುಮುಖ ಬಿದ್ದ ದಾಳವನ್ನು ಮಾತ್ರ ಮತ್ತೆ ಮುಟ್ಟುವ ಹಾಗಿಲ್ಲ. ಮೂರು ಅಳುಮುಖ ಕೂಡಿದರೆ ಕೈಯಲ್ಲಿದ್ದ ಒಂದು ಕಾರ್ಡ್ ಹೋಯಿತು ಅಂತ. ಬಿದ್ದ ಗುರುತುಗಳನ್ನು ಕೊಟ್ಟು ಓದು, ನೌಕರಿ, ಗೆಳೆತನ, ಮನೆ ಹೀಗೆ ಏನೇನೋ ಕೊಳ್ಳಬೇಕು. ಇಷ್ಟೇ. ನಿಯಮ ಹೇಳಿ ಮುಗಿಸುವಷ್ಟರಲ್ಲಿ ಚಹಾ ಕುದಿಯುತ್ತೆ.

ನಮ್ಮ ಕಾಕಾನ ಮಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ದೊಡ್ಡ ದೊಡ್ಡ ತಂತ್ರದ ಆಟಗಳನ್ನು ಆಡಿ ಪಳಗಿದವನು. ಎರಡು ಸುತ್ತು ಮುಗಿಯುವುದರೊಳಗೆ ಅವನ ತೀರ್ಪು ಬಂತು: "ಇದರಾಗ ಎಲ್ಲಾ ದಾಳದ ಮ್ಯಾಲೆ ಐತಿ, ತಲಿ ಓಡಸೂದು ಏನೂ ಇಲ್ಲ." ಪೂರ್ತಿ ಸುಳ್ಳಲ್ಲ. ಮೂರು ಗಂಟೆ ಲೆಕ್ಕ ಹಾಕಿ ಗೆಲ್ಲಬೇಕು ಅನ್ನುವವರಿಗೆ ಸಿವಿ ಸಪ್ಪೆ. ಹಾಗಂತ ಪೂರ್ತಿ ನಿಜವೂ ಅಲ್ಲ, ಯಾಕಂದರೆ ಪ್ರತಿಯೊಬ್ಬರ ಹತ್ತಿರ ಒಂದು ಗುಟ್ಟಿನ ಕಾರ್ಡ್ ಇರುತ್ತದೆ, ಬದುಕಿನ ಗುರಿಯದ್ದು, ಎಂಥ ಕಾರ್ಡು ಕೂಡಿಟ್ಟರೆ ಕೊನೆಗೆ ಹೆಚ್ಚು ಅಂಕ ಅಂತ ಅದು ಹೇಳುತ್ತದೆ. ಆರೋಗ್ಯ, ತಿಳಿವಳಿಕೆ, ಸಂಬಂಧ ಇವುಗಳಲ್ಲಿ ಒಂದೇ ಬಗೆಯವು ಜಾಸ್ತಿ ಆದಷ್ಟೂ ಅಂಕ ಏರುತ್ತ ಹೋಗುತ್ತದೆ. ಇದನ್ನು ಅವನು ಬೇಗ ಹಿಡಿದ. ಹಿಡಿದು ಗೆದ್ದ ಕೂಡ. ಗೆದ್ದರೂ ಮುಖದಲ್ಲಿ ಖುಷಿ ಇರಲಿಲ್ಲ, ಅದು ಬೇರೆ ಮಾತು.

ನಿಜವಾದ ಮಜಾ ಬಂದದ್ದು ಕಾಕಾ ಆಡಲು ಕೂತಾಗ. ಒಂದೇ ಬ್ಯಾಂಕಿಗೆ ಸೇರಿ, ಅಲ್ಲೇ ರಿಟೈರ್ ಆದವರು. ಆಟದಲ್ಲಿ ಹೊಸ ನೌಕರಿ ತಗೊಂಡರೆ ಅದನ್ನು ಹಳೆಯ ನೌಕರಿಯ ಮೇಲೆ ಇಡಬೇಕು, ಆಗ ಕೆಳಗಿನ ಕಾರ್ಡಿನ ಲಾಭ ನಿಂತುಹೋಗುತ್ತದೆ. ಆರೋಗ್ಯ, ತಿಳಿವಳಿಕೆ, ಸಂಬಂಧದ ಕಾರ್ಡಿಗೂ ಇದೇ ನಿಯಮ, ಮೇಲಿನದು ಮಾತ್ರ ಜೀವಂತ. ಕಾಕಾ ಒಪ್ಪಲೇ ಇಲ್ಲ. "ಪರ್ಮನೆಂಟ್ ನೌಕರಿ ಇದ್ದಾಗ ಅದರ ಮ್ಯಾಲೆ ಇನ್ನೊಂದು ಯಾಕ ಹೊಚ್ಚಬೇಕು?" ಅಂತ ಯೌವನದಲ್ಲಿ ಹಿಡಿದ ಅದೊಂದೇ ನೌಕರಿಯನ್ನು ಮುಪ್ಪಿನ ತನಕ ಹಿಡಿದೇ ಕೂತರು, ಎದುರಿಗೆ ಇನ್ನೂ ಒಳ್ಳೆಯ ಕೆಲಸಗಳು ಬಂದು ಬಂದು ಹೋದವು, ಮಗ ಹಣೆ ಹಣೆ ಚಚ್ಚಿಕೊಂಡ. ಸೋತರು ಬಿಡಿ. ಆದರೆ ಪಿಂಚಣಿ ಯಾವ ಕಾರ್ಡಿನಲ್ಲಿದೆ ಅಂತ ಕೊನೆತನಕ ಹುಡುಕುತ್ತಿದ್ದರು.

ಅಜ್ಜಿಯದು ಬೇರೆಯೇ ದಾರಿ. ಕವಡೆ ಹಾಕಿ ಬೆಳೆದ ಕೈ, ದಾಳ ಹಿಡಿದರೆ ಅದರ ಗತ್ತೇ ಬೇರೆ. ಕಾರ್ಡ್ ಇಂಗ್ಲಿಷಿನಲ್ಲಿ ಇರುವುದರಿಂದ ಪಕ್ಕದಲ್ಲಿ ನನ್ನ ಮಗಳು ಕೂತು ಓದಿ ಹೇಳಬೇಕು. ಇಬ್ಬರೂ ಸೇರಿ ಒಬ್ಬ ಆಟಗಾರ. ಅಜ್ಜಿಗೆ ಅಂಕ ಬೇಡ, ಸಂಬಂಧದ ಕಾರ್ಡ್ ಬೇಕು. ಮೊಮ್ಮಗಳಿಗೆ ದುಡ್ಡು ಬೇಕು, ಕಾರು ಬೇಕು. ಪ್ರತಿ ಸುತ್ತಿನಲ್ಲೂ ಜಗಳ. ಅಳುಮುಖ ಬಿದ್ದಾಗ ಹುಡುಗಿ ಮತ್ತೆ ಎಸೆಯೋಣ ಅಂತ ಹಟ ಮಾಡಿದರೆ ಅಜ್ಜಿ "ಬಂದದ್ದನ್ನ ಹೊಳ್ಳಿ ಒಗೀಲಿಕ್ಕೆ ಬರೂದಿಲ್ಲವಾ" ಅಂದುಬಿಟ್ಟರು. ನಿಯಮ ಪುಸ್ತಕ ತೆರೆಯುವ ಕೆಲಸವೇ ಉಳಿಯಲಿಲ್ಲ.

ಬದುಕನ್ನೇ ಆಟ ಮಾಡುವುದು ಹೊಸದೇನಲ್ಲ, ಅಲ್ವಾ? ನಮ್ಮ ಹಳೆಯ ಪರಮಪದ ಪಟದಲ್ಲಿ ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು. ಅಮೆರಿಕದ ಮಿಲ್ಟನ್ ಬ್ರಾಡ್ಲಿ 1860ರಲ್ಲಿ ಮಾಡಿದ ‘ಚೆಕರ್ಡ್ ಗೇಮ್ ಆಫ್ ಲೈಫ್’ ಆಟವೂ ಅದೇ ಜಾತಿ, ಒಳ್ಳೆಯ ಗುಣದ ಮನೆ ಮೇಲೆತ್ತುತ್ತೆ, ಕೆಟ್ಟ ಚಟದ ಮನೆ ಕೆಳಗೆ ತಳ್ಳುತ್ತೆ. ದಾಳ ಅಂದರೆ ಜೂಜು ಅಂತ ಅದರಲ್ಲಿ ಅಂಕಿ ಬರೆದ ಬುಗುರಿ ತಿರುಗಿಸಬೇಕಿತ್ತು. ಅದರ ನೂರು ವರ್ಷದ ನೆನಪಿಗೆ 1960ರಲ್ಲಿ ಬಂದ ‘ಗೇಮ್ ಆಫ್ ಲೈಫ್’ನಲ್ಲಿ ನೀತಿ ಹೋಗಿ ದುಡ್ಡು ಬಂತು. ಸಿವಿಯಲ್ಲಿ ಈ ಎರಡೂ ಕಾಟ ಇಲ್ಲ. ಯಾರೂ ಒಳ್ಳೆಯವರಲ್ಲ, ಯಾರೂ ಕೆಟ್ಟವರಲ್ಲ, ಬರೀ ದುಡ್ಡು ಮಾಡಿದವನೇ ಗೆದ್ದ ಅಂತಲೂ ಅಲ್ಲ. ನನಗೆ ಹಿಡಿಸಿದ್ದು ಇದೇ. ಯಾರನ್ನೂ ತೂಗದೆ ನಗುವ ಆಟ.

ಆದರೆ ಒಂದು ಮಾತು. ಡಬ್ಬಿಯಲ್ಲಿ ಇರುವಷ್ಟನ್ನೇ ಆಡಿದರೆ ಸಿವಿ ಸಾಧಾರಣ ಆಟ. ಬೇರೆಯವರ ಸರದಿಯಲ್ಲಿ ನಮಗೆ ಮಾಡಲು ಹೆಚ್ಚೇನೂ ಇರಲ್ಲ, ನಾಲ್ಕು ಜನ ಇದ್ದರೆ ಕಾಯುವುದೇ ಆಗುತ್ತೆ. ಹರಟೆ ಹೊಡೆಯುವವರು ಇದ್ದರೆ ಮಾತ್ರ ಅದಕ್ಕೆ ಜೀವ. ನಮ್ಮ ವೈನಿ, ಅಂದರೆ ಅತ್ತಿಗೆ, ಅಂಥವರು. ಅಂಕ ಎಣಿಸಿದ ಮೇಲೆ ತಮ್ಮ ಕಾರ್ಡುಗಳನ್ನು ಬಾಲ್ಯದಿಂದ ಮುಪ್ಪಿನವರೆಗೆ ನೆಲದ ಮೇಲೆ ಹರಡಿ, ಈಕಿ ಚಿಕ್ಕಂದಿನಾಗ ಹಿಂಗಿದ್ಲು, ಆಮೇಲೆ ಇಂಥಾ ಗಂಡ ಸಿಕ್ಕ, ನೌಕರಿ ಯಾಕ ಬಿಟ್ಲು ಗೊತ್ತೇನು ಅಂತ ಶುರು ಮಾಡಿದರೆ ಆ ಮೂರು ಅಳುಮುಖ ಬಿದ್ದು ಕಾರ್ಡ್ ಹೋದ ಸುತ್ತಿಗೂ ಒಂದು ಕಾರಣ ಹುಟ್ಟಿಕೊಳ್ಳುತ್ತದೆ, ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲಾ ಬಂದು ಹೋಗುತ್ತಾರೆ. ಸೋತವರ ಕಥೆಯೇ ಯಾವಾಗಲೂ ಚೆನ್ನಾಗಿರುತ್ತೆ. ಗೆದ್ದವನ ಬದುಕಿನಲ್ಲಿ ಏನಿರುತ್ತೆ ಹೇಳೋಕೆ, ಆರು ಆರೋಗ್ಯದ ಕಾರ್ಡ್.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವುದು ಇದು: ಬೋರ್ಡ್ ಗೇಮ್ ಹುಚ್ಚಿರುವ ಗೆಳೆಯನಿಗೆ ಇದನ್ನು ಉಡುಗೊರೆ ಕೊಡಬೇಡಿ, ಒಂದು ಸಲ ಆಡಿ ಕಪಾಟಿಗೆ ಇಟ್ಟುಬಿಡ್ತಾನೆ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದು ಯಾರೂ ಹೊರಗೆ ಹೋಗಲಾಗದ ದಿನ, ಗಿರ್ಮಿಟ್ಟು, ಮಿರ್ಚಿ ಭಜಿ ತಟ್ಟೆಯನ್ನು ಕಾರ್ಡುಗಳಿಂದ ದೂರ ಇಟ್ಟು (ಎಣ್ಣೆ ಕೈ ಒರೆಸಿಕೊಳ್ಳದ ಮಾಮಾ ಒಬ್ಬರು ಎಲ್ಲರ ಮನೆಯಲ್ಲೂ ಇರ್ತಾರೆ), ವೈನಿಯಂಥವರನ್ನು ಒಬ್ಬರನ್ನಾದರೂ ಕೂರಿಸಿಕೊಳ್ಳಿ. ಕಾಕಾನ ಮಗನ ಬೇಡಿಕೆ ಒಂದು ಬಾಕಿ ಇದೆ, ಕಥೆ ಹೇಳುವುದಕ್ಕೂ ಅಂಕ ಇಡಬೇಕಂತೆ, ಇಲ್ಲದಿದ್ದರೆ ಅದನ್ನು ಆಟ ಅನ್ನೋಕೆ ಬರಲ್ಲವಂತೆ. ಅಂಕ ಕೊಡುವವರು ಅಜ್ಜಿ ಅಂತಾದರೆ ನಾವು ಒಪ್ಪುತ್ತೇವೆ ಅಂದಿದ್ದೇವೆ. ಅವನು ಇನ್ನೂ ಯೋಚನೆ ಮಾಡ್ತಿದ್ದಾನೆ.