ಮಾಳಮಡ್ಡಿಯಿಂದ ಮೆಲ್ಬರ್ನ್‌ಗೆ: ತಂಬೂರಿ, ಬೀಸುಕಲ್ಲು ಮತ್ತು ಒಂದು ಪಟ್ಟಿ

ಕಳೆದ ಗುರುವಾರ ನಮ್ಮ ಮನೆಯ ಸಾಮಾನು ಧಾರವಾಡದ ಮಾಳಮಡ್ಡಿಯಿಂದ ಹೊರಟಿತು. 32 ರಟ್ಟಿನ ಪೆಟ್ಟಿಗೆ, ಒಂದು ಸೈಕಲ್, ಒಂದು ತಂಬೂರಿ. ಮುಂಬೈ ಹತ್ತಿರದ ನಾವಾ ಶೇವಾ ಬಂದರಿನವರೆಗೆ ಲಾರಿ, ಅಲ್ಲಿಂದ ಮೆಲ್ಬರ್ನ್‌ವರೆಗೆ ಹಡಗು. ನಮ್ಮ ಮನೆಯವರು ಆರು ತಿಂಗಳ ಹಿಂದೆಯೇ ಹೋಗಿ ಅಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ನಾನು ಮತ್ತು ಮಗ ಮುಂದಿನ ತಿಂಗಳು ಹೊರಡುತ್ತೇವೆ. ಸಾಮಾನು ಕಟ್ಟಿದ ಈ ಮೂರು ತಿಂಗಳಲ್ಲಿ ಕಲಿತದ್ದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ನಮ್ಮ ಕಡೆಯಿಂದ ಹೊರಡುವ ಇನ್ನೊಂದು ಮನೆಗೆ ಇದು ಬೇಕಾಗುತ್ತದೆ.

ಮೊದಲ ಮಾತು ಪಟ್ಟಿಯದು. ಪೆಟ್ಟಿಗೆ ತರಿಸುವ ಮೊದಲು ಪಟ್ಟಿ ಬರೆಯಿರಿ. ಆಸ್ಟ್ರೇಲಿಯಾದಲ್ಲಿ ನೆಲೆಸಲು ಹೋಗುವವರು ತಮ್ಮ ಮನೆಬಳಕೆಯ ವಸ್ತುಗಳನ್ನು ಸುಂಕವಿಲ್ಲದೆ ಒಯ್ಯಬಹುದು. ಆದರೆ ಅವು ಅಲ್ಲಿಗೆ ತಲುಪುವ ಮೊದಲು ಕನಿಷ್ಠ 12 ತಿಂಗಳು ನಿಮ್ಮ ಸ್ವಂತದ್ದಾಗಿರಬೇಕು, ನೀವು ಬಳಸಿರಬೇಕು. ಬಿ534 ಎಂಬ ನಮೂನೆಯಲ್ಲಿ ಹೀಗೆಂದು ಸಹಿ ಮಾಡಿ ಹೇಳಬೇಕು. ಅದರ ಜೊತೆ ಪಾಸ್‌ಪೋರ್ಟಿನ ಪ್ರತಿಯೂ ಸಾಮಾನುಗಳ ಪಟ್ಟಿಯೂ ಇರಬೇಕು. ಈ ನಿಯಮ ತಿಳಿದ ದಿನವೇ ನನ್ನ ತಮ್ಮ ಮೊನ್ನೆ ಮೊನ್ನೆ ಉಡುಗೊರೆ ಕೊಟ್ಟ ಹೊಸ ಮಿಕ್ಸರನ್ನು ಪಟ್ಟಿಯಿಂದ ತೆಗೆದೆ. ಹನ್ನೊಂದು ವರ್ಷ ತಿರುಗಿದ ಹಳೆಯದನ್ನೇ ಸೇರಿಸಿದೆ. ಅಲ್ಲಿಯೂ ವಿದ್ಯುತ್ತು 230 ವೋಲ್ಟಿನದೇ, ಪ್ಲಗ್ ಮಾತ್ರ ಬೇರೆ. ಅಕ್ಕ ಕೊಟ್ಟ ಎರಡು ಹೊಸ ಇಳಕಲ್ ಸೀರೆಗಳು ನನ್ನ ಕೈಸಾಮಾನಿನಲ್ಲಿ ಬರುತ್ತವೆ. ದೊಡ್ಡವರಿಗೆ ತಲಾ 900 ಆಸ್ಟ್ರೇಲಿಯನ್ ಡಾಲರ್ ಮೌಲ್ಯದ ವಸ್ತುಗಳನ್ನು ಜೊತೆಯಲ್ಲಿ ಒಯ್ಯಲು ರಿಯಾಯಿತಿ ಇದೆ.

ಸಾಮಾನು ಕಟ್ಟಲು ಮೊದಲು ಬಂದವರು ಎಲ್ಲ ಪೆಟ್ಟಿಗೆಗಳ ಮೇಲೂ ‘ಅಡುಗೆ ಸಾಮಾನು’, ‘ಬಟ್ಟೆ’, ‘ಇತರೆ’ ಎಂದು ಬರೆಯತೊಡಗಿದರು. ‘ಇತರೆ’ ಎಂದರೆ ಏನು ಎಂದು ಕೇಳಿದೆ. ಉತ್ತರವಿರಲಿಲ್ಲ. ಅಷ್ಟರಲ್ಲೇ ಅವರಲ್ಲೊಬ್ಬರು, “ಬ್ಯಾಡಗಿ ಮೆಣಸಿನಕಾಯಿಯನ್ನು ಕೌದಿಯ ಮಡಿಕೆಯಲ್ಲಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಕ್ಕಾ” ಎಂದರು. ನನಗೆ ನಿಜವಾಗಿಯೂ ಸಿಟ್ಟು ಬಂದಿತು. ಅವರನ್ನು ಅಂದೇ ಕಳುಹಿಸಿ ಬೇರೆಯವರನ್ನು ಕರೆಸಿದೆ.

ಸಿಟ್ಟಿಗೆ ಕಾರಣ ಹೇಳುತ್ತೇನೆ. ಖಾಪ್ರಾ ಎಂಬ ಸಣ್ಣ ಧಾನ್ಯದ ಹುಳು ಇದೆ. ನಮ್ಮ ಉಪಖಂಡವೇ ಅದರ ತವರು. ಅದರ ಮರಿ ತಿನ್ನಲು ಏನೂ ಇಲ್ಲದಿದ್ದರೂ ಬಿರುಕುಗಳಲ್ಲಿ ಅಡಗಿ ಬಹುಕಾಲ ಬದುಕಿರಬಲ್ಲದು. ಒಮ್ಮೆ ಗೋಧಿಯ ಕಣಜ ಹೊಕ್ಕರೆ ಅದನ್ನು ತೊಲಗಿಸುವುದು ಬಹಳ ಕಷ್ಟ. ಗೋಧಿ ರಫ್ತು ಮಾಡಿ ಬದುಕುವ ರೈತರಿರುವ ದೇಶ ಅದಕ್ಕೆ ಹೆದರುವುದು ಸಹಜ. ಆದ್ದರಿಂದ ಅಕ್ಕಿ, ಗೋಧಿ, ಕಡಲೆ, ಹೆಸರು, ತೊಗರಿ, ಶೇಂಗಾ, ಜೀರಿಗೆ, ಕೊತ್ತಂಬರಿ ಬೀಜ, ಕುಸುಬಿ, ಒಣ ಮೆಣಸಿನಕಾಯಿ, ಇವೆಲ್ಲವನ್ನೂ ಹೀಗೆ ಹಡಗಿನಲ್ಲಿ ಬರುವ ಮನೆಸಾಮಾನಿನಲ್ಲಿ 2020ರಿಂದ ನಿಷೇಧಿಸಿದ್ದಾರೆ. ಓದುತ್ತಾ ಹೋದರೆ ನಮ್ಮ ಅಡುಗೆಮನೆಯ ನಾಗೊಂದಿಗೆಯನ್ನೇ ಯಾರೋ ನೋಡಿ ಬರೆದಂತಿದೆ. ಹತ್ತಿ, ಜೋಳ, ಶೇಂಗಾ ಬೆಳೆಯುವ ಊರಿನಲ್ಲಿ ಹುಟ್ಟಿದವಳು ನಾನು. ಬೇರೆಯವರ ಹೊಲಕ್ಕೆ ಕೀಟ ಒಯ್ಯುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.

ಹಾಗಾಗಿ ಬೀಸುಕಲ್ಲಿನ ಕೆಲಸ ಎರಡು ದಿನ ಹಿಡಿಯಿತು. ಅತ್ತೆಯವರು ಇದ್ದಾಗ ಅದರಲ್ಲಿ ಕಡಲೆ ಒಡೆಯುತ್ತಿದ್ದರು. ಮೇಲಿನ ಕಲ್ಲನ್ನು ಎತ್ತಿ ಮಗುಚಿ ನೋಡಿದರೆ, ಉಳಿಯಿಂದ ಹೊಡೆದ ಪ್ರತಿ ಗೆರೆಯಲ್ಲೂ ಹಳದಿ ಹಿಟ್ಟು ಗಟ್ಟಿಯಾಗಿ ಕೂತಿತ್ತು. ನೋಡಲು ಕಲ್ಲಿನಂತೆಯೇ ಇತ್ತು, ಉಗುರಿನಿಂದ ಕೆರೆದಾಗ ಪುಡಿಯಾಯಿತು. ಕೌದಿ ಹೊಲಿಯುವ ದಪ್ಪ ಸೂಜಿಯಿಂದ ಒಂದೊಂದೇ ಗೆರೆ ಬಿಡಿಸಿದೆ. ನಡುವಿನ ಗೂಟದ ಕುಳಿಯಲ್ಲಿ ಅರ್ಧ ಕಡಲೆಕಾಳು ಸಿಕ್ಕಿತು, ಅದರಲ್ಲಿ ತೂತು. ಬಿಸಿನೀರು ಸುರಿದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಮೂರು ದಿನ ಮಾಳಿಗೆಯ ಬಿಸಿಲಿಗೆ ಇಟ್ಟೆ. ಮರದ ಗೂಟವನ್ನು ತೆಗೆದು ಇಲ್ಲೇ ಬಿಟ್ಟೆ. ಅಲ್ಲಿ ಹೊಸದು ಮಾಡಿಸಿದರಾಯಿತು.

ಮಗನ ಕ್ರಿಕೆಟ್ ಬೂಟುಗಳದೂ ಇದೇ ಕಥೆ. ಮಣ್ಣು ಅಂಟಿದ ಯಾವ ವಸ್ತುವೂ ಹೋಗುವಂತಿಲ್ಲ. ಮಣ್ಣಿನಲ್ಲಿ ಬೀಜ, ರೋಗ, ಹುಳು ಎಲ್ಲವೂ ಇರುತ್ತವೆ. ನಮ್ಮ ಎರೆಮಣ್ಣು ಒಮ್ಮೆ ಹಿಡಿದರೆ ಬಿಡುವುದಲ್ಲ. ಸೈಕಲ್ಲಿನ ಟೈರುಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿಯೇ ಕಟ್ಟಿದೆವು. ಕಸಬರಿಗೆ ಮತ್ತು ಮೊರಗಳನ್ನು ಓಣಿಯಲ್ಲಿ ಹಂಚಿದೆ.

ಮರದ ವಸ್ತುಗಳಿದ್ದರೆ ಒಂದೊಂದನ್ನೂ ಹಗಲ ಬೆಳಕಿನಲ್ಲಿ ನೋಡಬೇಕು. ಸಣ್ಣ ತೂತು, ಕೆಳಗೆ ಹಿಟ್ಟಿನಂತಹ ಪುಡಿ ಕಂಡರೆ ಹುಳು ಇದೆ ಎಂದೇ ತಿಳಿಯಿರಿ. ಮಾವನವರ ಬೀಟೆ ಮರದ ಆರಾಮ ಕುರ್ಚಿಯನ್ನು ಒಯ್ಯಬೇಕೆಂದು ಬಹಳ ಆಸೆಯಿತ್ತು. ಬೀಟೆಯ ಇಡೀ ಕುಲವೇ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಕಾಗದಪತ್ರದ ಓಡಾಟಕ್ಕೆ ಸಮಯವಿರಲಿಲ್ಲ, ಮಾವನವರಿಗೂ ಅದರಲ್ಲೇ ಕುಳಿತು ಪತ್ರಿಕೆ ಓದುವ ರೂಢಿ. ಅದು ಪಡಸಾಲೆಯಲ್ಲೇ ಉಳಿಯಿತು. ಸಾಮಾನು ತುಂಬುವ ಮರದ ಪೆಟ್ಟಿಗೆಗಳಿಗೂ ನಿಯಮವಿದೆ. ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸತತ 30 ನಿಮಿಷ ಇದ್ದಿರಬೇಕು ಅಥವಾ ಒಪ್ಪಿತವಾದ ಬೇರೆ ಉಪಚಾರ ಆಗಿರಬೇಕು, ಅದರ ಮುದ್ರೆ ಹಲಗೆಯ ಮೇಲೆ ಇರಬೇಕು. ತಂಬೂರಿಯ ಪೆಟ್ಟಿಗೆಯ ಮೇಲೆ ಆ ಮುದ್ರೆಯನ್ನು ನಾನೇ ಕಣ್ಣಾರೆ ನೋಡಿ ಫೋಟೊ ತೆಗೆದುಕೊಂಡೆ.

ಆ ತಂಬೂರಿ ಮಾವನವರ ಅಕ್ಕನದು. ಮಿರಜದಲ್ಲಿ ಮಾಡಿಸಿದ್ದು. ದಂಡಿಗೆ ತೂನ್ ಮರದ್ದು, ಬುರುಡೆ ಒಣಗಿಸಿದ ಕುಂಬಳದ್ದು. ಎರಡೂ ಸಸ್ಯವಸ್ತುಗಳೇ, ಆದ್ದರಿಂದ ಘೋಷಿಸಲೇಬೇಕು. ಆದರೆ ನನ್ನ ನಿದ್ದೆ ಕೆಡಿಸಿದ್ದು ಅದರ ಕುದುರೆ, ತಂತಿಗಳು ಮಲಗುವ ಆ ಮೂರು ಬೆರಳಗಲದ ತುಂಡು. ಹಿಂದಿನ ಕಾಲದ ಕುದುರೆಗಳನ್ನು ದಂತದಿಂದಲೂ ಜಿಂಕೆಯ ಕೊಂಬಿನಿಂದಲೂ ಮಾಡುತ್ತಿದ್ದರು. ಹಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ರೈಲಿನಲ್ಲಿ ಮಿರಜಕ್ಕೆ ಒಯ್ದು ತೋರಿಸಿದೆ. ವಾದ್ಯ ಮಾಡುವ ಹಿರಿಯರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, ಒಂಟೆಯ ಎಲುಬು ಎಂದರು. ಎಲುಬು ಎಂದಾದರೂ ಪ್ರಾಣಿವಸ್ತುವೇ. ಕರಿಮರದ ಕುದುರೆ ಕೂಡಿಸಿ, ನಾದ ಝೇಂಕರಿಸುವಂತೆ ಅದರ ಮೈಯನ್ನು ನಯವಾಗಿ ಉಜ್ಜಿಸಿ (ಇದಕ್ಕೆ ಜೀವಾರಿ ತೆಗೆಯುವುದು ಎನ್ನುತ್ತಾರೆ), ರಸೀದಿಯಲ್ಲಿ ‘ಮರದ ಕುದುರೆ’ ಎಂದು ಬರೆಸಿಕೊಂಡು ಬಂದೆ. ನಾದ ಸ್ವಲ್ಪ ಬೇರೆಯಾಗಿದೆ. ಮಾವನವರು ಕಣ್ಣು ಮುಚ್ಚಿ ಷಡ್ಜ ಕೇಳಿ, “ಇರಲಿ ಅವ್ವಾ, ಕೂಡುತ್ತದೆ” ಎಂದರು.

ನಮ್ಮ ದೇಶದಿಂದ ಹೊರಗೆ ಹೋಗಲು ಇರುವ ತಡೆಯನ್ನು ಹೆಚ್ಚಿನವರು ಮರೆಯುತ್ತಾರೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕುಸುರಿಯ ವಸ್ತುಗಳನ್ನು ಖಾಸಗಿಯವರು ಹೊರಗೆ ಒಯ್ಯುವಂತಿಲ್ಲ. ಮಹತ್ವದ ಹಸ್ತಪ್ರತಿಗೆ 75 ವರ್ಷವಾದರೆ ಸಾಕು. ದೇವರ ಕೋಣೆಯಲ್ಲಿದ್ದ ತಾಳೆಗರಿಯ ಕಟ್ಟನ್ನೂ ಮುತ್ತಜ್ಜನ ಕಾಲದ ಹಿತ್ತಾಳೆಯ ಬಾಲಕೃಷ್ಣನನ್ನೂ ಮುಟ್ಟಲಿಲ್ಲ. ಹಳೆಯದೆಂದು ಅನುಮಾನ ಬರುವ, ಆದರೆ ಅಷ್ಟು ಹಳೆಯದಲ್ಲದ ವಸ್ತುಗಳಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು. ಇದಕ್ಕೆ ಸಮಯ ಇಟ್ಟುಕೊಳ್ಳಿ.

ಧಾರವಾಡ ಪೇಡೆ ಒಯ್ಯುತ್ತೀರಾ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಕಾಲುಬಾಯಿ ರೋಗವಿರುವ ದೇಶದ ಹಾಲಿನ ಸಿಹಿಯನ್ನು ಅವರು ಒಳಗೆ ಬಿಡುವುದಿಲ್ಲ, ಪೆಟ್ಟಿಗೆಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ಮಗನಿಗೆ ಹೊರಡುವ ದಿನದವರೆಗೆ ದಿನಕ್ಕೊಂದು ಎಂದು ಹೇಳಿದ್ದೇನೆ.

ಕೊನೆಗೆ ಪಟ್ಟಿ ಹನ್ನೊಂದು ಪುಟವಾಯಿತು. ‘ಪೆಟ್ಟಿಗೆ 14: ಹತ್ತಿ ಕೌದಿ 3, ಒಗೆದು ಒಣಗಿಸಿದ್ದು, 2009’ ಎಂಬಷ್ಟು ವಿವರ. ರುದ್ರಾಕ್ಷಿ ಸರದ ಮುಂದೆ ‘ಬೀಜ’ ಎಂದು ಬರೆದಿದ್ದೇನೆ. ಪರೀಕ್ಷಿಸುವವರು ತೆರೆಯಲಿ, ನೋಡಲಿ. ಅದರ ಶುಲ್ಕ ನಮ್ಮದೇ, ಅದಕ್ಕೂ ಹಣ ತೆಗೆದಿಟ್ಟಿದ್ದೇನೆ. ಮೂರು ಪ್ರತಿ ಮಾಡಿಸಿದೆ. ಒಂದು ಸಾಮಾನಿನ ಜೊತೆ ಹೋಯಿತು, ಇನ್ನೊಂದು ನನ್ನ ಕೈಚೀಲದಲ್ಲಿದೆ. ಮೂರನೆಯದನ್ನು ಮಾವನವರಿಗೆ ಕೊಟ್ಟೆ. ನಿನ್ನೆ ಸಂಜೆ ನೋಡಿದರೆ, ಅವರು ಬೀಟೆಯ ಕುರ್ಚಿಯಲ್ಲಿ ಕುಳಿತು ಅದರ ಹಿಂಬದಿಯಲ್ಲಿ ತಮ್ಮ ದುಂಡು ಅಕ್ಷರಗಳಲ್ಲಿ, ಇಲ್ಲಿ ಉಳಿದವುಗಳನ್ನು ಒಂದೊಂದಾಗಿ ಬರೆಯುತ್ತಿದ್ದರು. ಬೀಸುಕಲ್ಲಿನ ಗೂಟವೂ ಅದರಲ್ಲಿತ್ತು.