ದಿನಾ ಎಷ್ಟು ನೀರು ಹಾಕಬೇಕು?

ಚಿತ್ರದುರ್ಗದಲ್ಲಿ ಹೊಸ ಮನೆ ಕಟ್ಟಿಸಿದವರೆಲ್ಲ ನನ್ನನ್ನು ಕೇಳುವುದು ಇದನ್ನೇ: "ಮನೆ ಮುಂದೆ ನೆರಳಿಗೆ ಯಾವ ಮರ ಹಾಕಲಿ? ದಿನಾ ಎಷ್ಟು ನೀರು ಬೇಕು?"

ಹೊಂಗೆ ಹಾಕಿ. ಶಿವರಾತ್ರಿ ಆಸುಪಾಸು ಎಲೆ ಉದುರಿಸಿ ಬೋಳಾಗುತ್ತದೆ. ಅಯ್ಯೋ ಒಣಗಿತು ಅನ್ನುವಷ್ಟರಲ್ಲಿ ಮಿರಮಿರ ಚಿಗುರು. ಬಿಸಿಲು ಏರುವ ಹೊತ್ತಿಗೆ ಅಡಿಯಲ್ಲಿ ಮಂಚ ಹಾಕಿಕೊಂಡು ಮಲಗಬಹುದು. ಕೆಂಪು ಮಣ್ಣಾದರೂ ಸರಿ, ಎರೆಯಾದರೂ ಸರಿ. ಬೇವೂ ಒಳ್ಳೆಯದೇ, ಆದರೆ ನೀರು ನಿಲ್ಲುವ ಎರೆಯಲ್ಲಿ ಕೊರಗುತ್ತದೆ. ಹುಣಸೆ ಮೊಮ್ಮಕ್ಕಳಿಗಾಯಿತು. ಆಲ, ಬಸರಿ ಸೈಟಿನ ಮನೆಗೆ ಬೇಡವೇ ಬೇಡ.

ನಾನೂ ಮೊದಲು ಹೂವಿನ ಆಸೆಗೆ ಗುಲ್‌ಮೊಹರ್ ನೆಟ್ಟವನೇ. ಮಡಗಾಸ್ಕರ್ ಕಡೆಯ ಮರ ಅದು, ಬೇರು ಮೇಲೆಮೇಲೆ ಹರಡುವ ಜಾತಿ. ಸಾಲದ್ದಕ್ಕೆ ನಾನು ದಿನಾ ಸಂಜೆ ಪೈಪು ಹಿಡಿದು ಬುಡ ತೋಯಿಸುತ್ತಿದ್ದೆ. ಇಲ್ಲಿನ ಆಷಾಢದ ಗಾಳಿ ಗೊತ್ತಲ್ವಾ? ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆರನೇ ವರ್ಷ ಮರ ಕಾಂಪೌಂಡಿನ ಮೇಲೆ ಮಲಗಿತ್ತು. ಕಿತ್ತುಬಂದ ಬೇರು ಚಾಪೆಯ ಹಾಗಿತ್ತು. ಮೇಲೇ ನೀರು ಸಿಗುವಾಗ ಅದು ಕೆಳಗೆ ಯಾಕೆ ಇಳಿದೀತು?

ಅದಕ್ಕೇ ಹೇಳೋದು, 'ದಿನಾ' ಅನ್ನೋದನ್ನೇ ಬಿಡಿ. ಮುಂಗಾರಿನ ಮೊದಲ ಮಳೆಗೆ, ಗೋಡೆಯಿಂದ 10-12 ಅಡಿ ದೂರದಲ್ಲಿ ನೆಡಿ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಅಷ್ಟರೊಳಗೆ ಗಿಡ ಕಚ್ಚಿಕೊಂಡಿರುತ್ತದೆ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ, ನಿಧಾನವಾಗಿ. ತೂತು ಮಾಡಿದ ಹಳೇ ಬಕೆಟ್ ಇಟ್ಟರೆ ನೀವು ಕಾಯಬೇಕಿಲ್ಲ. ಎರಡನೇ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ನಾಲ್ಕು ಕೊಡ. ಮೂರನೆಯದಕ್ಕೆ ತಿಂಗಳಿಗೊಮ್ಮೆ ಸಾಕು. ಪಾತಿಯನ್ನು ವರ್ಷವರ್ಷ ಅಗಲ ಮಾಡುತ್ತಾ ಹೋಗಿ. ನೀರು ಕಾಂಡಕ್ಕಲ್ಲ, ಕೊಂಬೆಯ ತುದಿಯ ನೇರಕ್ಕೆ ಬೀಳಬೇಕು. ಪಾತಿಗೆ ನಾಲ್ಕು ಬೆರಳು ದಪ್ಪ ತರಗು ಮುಚ್ಚಿ. ಅಡಿಕೆ ಸಿಪ್ಪೆ ಸಿಕ್ಕರೆ ಅದೂ ಆದೀತು.

ಸಸಿ ತರುವಾಗ ಎತ್ತರ ನೋಡಿ ಮರುಳಾಗಬೇಡಿ. ಚೀಲದಲ್ಲಿ ಬಹಳ ದಿನ ಇದ್ದದ್ದರ ತಾಯಿಬೇರು ಸುರುಳಿ ಸುತ್ತಿರುತ್ತದೆ. ನನ್ನ ಈಗಿನ ಹೊಂಗೆ ಮರ ಬೀಜದಿಂದಲೇ ಬಂದದ್ದು. ಆ ವರ್ಷ ಬಿದ್ದ ಕಾಯಿ ಒಡೆದು, ಜಾಗದಲ್ಲೇ ಊರಿದ್ದೆ. ನಾಲ್ಕನೇ ಬೇಸಿಗೆಯಿಂದ ಪೈಪು ಮುಟ್ಟಿಲ್ಲ. ಆದರೆ ಹೂ ಉದುರುವ ಕಾಲದಲ್ಲಿ ಅಂಗಳ ದಿನಕ್ಕೆರಡು ಸಲ ಗುಡಿಸಬೇಕು. ಅದು ಯಾರ ಪಾಳಿ ಅನ್ನುವ ಜಗಳ ಮನೆಯಲ್ಲಿ ಇನ್ನೂ ನಡೆದಿದೆ.